ಎರಡನೇ ಗುಂಡಿಯ ದಾರ

ಅವನ ನಿಜವಾದ ಹೆಸರು ಗೊತ್ತಿದ್ದದ್ದು ಅಂಗಡಿಯ ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವನು ಬೂದಣ್ಣ. ದಾರ, ಗುಂಡಿ, ಜಿಪ್ಪು, ಲೇಸು ಮಾರುವ ಅಂಗಡಿಯೊಂದರಲ್ಲಿ ಮೂವತ್ತೊಂದು ವರ್ಷ ದಾರದ ಕೌಂಟರಿನ ಹಿಂದೆ ನಿಂತವನು. ಅಷ್ಟು ವರ್ಷದಲ್ಲಿ ಒಂದೇ ಒಂದು ದಿನವೂ ಬೂದು ಬಿಟ್ಟು ಬೇರೆ ಬಣ್ಣದ ಅಂಗಿ ಮೈಗೆ ಹಾಕಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದ. ಹೊಸಬರು ಇದನ್ನು ಬಡತನ ಎಂದುಕೊಳ್ಳುತ್ತಿದ್ದರು, ಕೆಲವರು ವೈರಾಗ್ಯ ಎಂದುಕೊಳ್ಳುತ್ತಿದ್ದರು. ಎರಡೂ ಅಲ್ಲ. ಅದು ಶುದ್ಧ ಜಂಭ.

ಈ ಜಂಭವನ್ನು ಅವನಿಗೆ ಅಂಟಿಸಿದವರು ಕೆಲಸ ಕಲಿಸಿದ ಹಿರಿಯರು. ಅವರು ಮೊದಲ ದಿನವೇ ಇವನ ಕೆಂಪು ಚೌಕಳಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, "ಇದನ್ನ ಹಾಕ್ಕೊಂಡು ಕೌಂಟರಿಗೆ ಬರಬೇಡ. ನಿನ್ನ ಅಂಗಿಯ ಕೆಂಪು ಗಿರಾಕಿಯ ಬಿಳಿ ಬಟ್ಟೆ ಮೇಲೆ ಬಿದ್ದರೆ ಆ ಬಟ್ಟೆ ನಾಚಿಕೊಂಡ ಹಾಗೆ ಕಾಣುತ್ತೆ. ಬಣ್ಣ ಹೊಂದಿಸೋನಿಗೆ ತನ್ನದೇ ಬಣ್ಣ ಇರಬಾರದು," ಎಂದಿದ್ದರು. ಇಪ್ಪತ್ತೇಳರ ಹರೆಯದಲ್ಲಿ ಕೇಳಿದ ಆ ಮಾತು ಬೂದಣ್ಣನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತು. ಅಂದಿನಿಂದ ಅವನು ಬೂದು ಬಣ್ಣಕ್ಕೆ ಬಿದ್ದ.

ಬಿದ್ದದ್ದೂ ಹೇಗೆ ಅಂತೀರಿ! ಅವನ ಬೀರುವಿನಲ್ಲಿ ಮೋಡದ ಬೂದು, ಸ್ಲೇಟಿನ ಬೂದು, ಪಾರಿವಾಳದ ಬೂದು, ಹಳೇ ಬಕೆಟ್ಟಿನ ಬೂದು ಎಂದು ಬೇರೆ ಬೇರೆ ಸಾಲುಗಳಿದ್ದವು. ಕಾಲರಿನ ಮಡಿಕೆ ಕತ್ತಿಯ ಹಾಗಿರಬೇಕು. ತೋಳು ಎರಡೇ ಸುತ್ತು, ಮೂರನೆಯ ಸುತ್ತು ಸುತ್ತಿದರೆ ಅದು ಪುಂಡಾಟಿಕೆ. ಸೋಮವಾರ ಪಾರಿವಾಳ ತೊಟ್ಟು ಮಂಗಳವಾರ ಮೋಡಕ್ಕೆ ಬದಲಾಯಿಸಿದರೂ ಜಗತ್ತು ಗಮನಿಸಲಿಲ್ಲವಲ್ಲ ಎಂದು ಒಳಗೊಳಗೇ ಸಣ್ಣಗೆ ಬೇಜಾರು ಪಟ್ಟುಕೊಳ್ಳುವ ಮನುಷ್ಯ ಅವನು. ತಾನು ಕಾಣಬಾರದು ಎಂದು ಇಷ್ಟೊಂದು ಶ್ರಮಪಟ್ಟು ಸಿಂಗರಿಸಿಕೊಂಡ ಇನ್ನೊಬ್ಬರನ್ನು ನಾನಂತೂ ಕಂಡಿಲ್ಲ.

ಆದರೆ ಕೆಲಸದಲ್ಲಿ ಮಾತ್ರ ಎತ್ತಿದ ಕೈ. ನಾನೂರ ಚಿಲ್ಲರೆ ಬಣ್ಣದ ರೀಲುಗಳು ಅವನ ಹಿಂದಿನ ಗೋಡೆಯ ಸಣ್ಣ ಸಣ್ಣ ಡ್ರಾಯರುಗಳಲ್ಲಿದ್ದವು. ಕಂಪನಿಯ ನಂಬರುಗಳನ್ನು ಅವನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಹೊಸ ಇಟ್ಟಿಗೆ, ಹಳೇ ಇಟ್ಟಿಗೆ, ನೆನೆದ ಇಟ್ಟಿಗೆ ಎಂದು ತಾನೇ ಹೆಸರಿಟ್ಟುಕೊಂಡಿದ್ದ. ಗಿರಾಕಿ ಬಟ್ಟೆಯ ತುಂಡು ಕೊಟ್ಟರೆ ಟ್ಯೂಬ್‌ಲೈಟಿನ ಕೆಳಗೆ ನೋಡುತ್ತಲೇ ಇರಲಿಲ್ಲ. ಅದನ್ನು ಹಿಡಿದು ನೇರ ಹೊಸ್ತಿಲಿಗೆ ನಡೆಯುತ್ತಿದ್ದ, ಅಲ್ಲಿ ಹಗಲ ಬೆಳಕಿದೆ ಎಂದು. ರೀಲನ್ನು ಇಡಿಯಾಗಿ ಬಟ್ಟೆಯ ಮೇಲಿಟ್ಟು ನೋಡುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಸುತ್ತಿದ ದಾರ ಕಡುವಾಗಿ ಕಾಣುತ್ತದೆ, ಬಿಡಿ ದಾರ ತಿಳಿಯಾಗುತ್ತದೆ. ಹಾಗಾಗಿ ಒಂದೇ ಒಂದು ಎಳೆ ಬಿಚ್ಚಿ ಬಟ್ಟೆಯ ಮೇಲೆ ಅಡ್ಡ ಹಾಸಿ ನೋಡಬೇಕು. ಎಳೆ ಕಣ್ಮರೆಯಾದರೆ ಅದೇ ದಾರ. "ಹೊಲಿದ ಮೇಲೆ ದಾರ ಕಾಣಬಾರದು, ಅದೇ ಅದರ ಕೆಲಸ," ಎನ್ನುವುದು ಅವನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು.

ಇಂಥವನಿಗೆ ಸಿಕ್ಕ ಹೆಂಡತಿ ಬಣ್ಣದ ಹುಚ್ಚಿನವಳು. ಶಿಶುವಿಹಾರದ ಟೀಚರು. ಮೂರು ವರ್ಷದ ಮಕ್ಕಳು ಅವಳ ಹೆಸರು ಕಲಿಯುವ ಮೊದಲೇ ಅವಳ ಬಟ್ಟೆಯ ಬಣ್ಣ ಕಲಿಯುತ್ತಿದ್ದವು. ಗೇಟಿನಲ್ಲಿ "ಇವತ್ತು ಹಳದಿ ಟೀಚರ್!" ಎಂದು ಕೂಗು ಬಿದ್ದರೆ ಅವಳಿಗೆ ದಿನ ಸಾರ್ಥಕ. ಇಂಥವಳು ಇಪ್ಪತ್ತೊಂಬತ್ತು ವರ್ಷ ಗಂಡನ ಬೆನ್ನು ಬಿದ್ದಿದ್ದಳು.

"ಒಂದೇ ಒಂದು ಬಣ್ಣದ ಅಂಗಿ ಕಣ್ರೀ. ಕೆಂಪು ಬೇಡ, ಹಳದಿ ಬೇಡ. ಏನೋ ಒಂದು ತಿಳಿಯಾಗಿರೋದು."

"ಬೂದು ತಿಳಿಯಾಗೇ ಇದೆಯಲ್ಲ."

"ನಿಮ್ಮ ಪಕ್ಕ ನಡೆದರೆ ಗೋಡೆ ಪಕ್ಕ ನಡೆದ ಹಾಗಿರುತ್ತೆ."

"ಗೋಡೆ ಗಟ್ಟಿ ಇರುತ್ತೆ, ಒರಗಿಕೋ," ಎಂದು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಆದರೆ ಅವಳು ಕೇಳುತ್ತಿದ್ದದ್ದು ತಮಾಷೆಗಲ್ಲ ಎಂಬುದು ಅವನಿಗೆ ಅಷ್ಟು ವರ್ಷ ಹೊಳೆದೇ ಇರಲಿಲ್ಲ.

ಒಂದೂವರೆ ವರ್ಷದ ಹಿಂದೆ ಅವನು ಎಂದಿನಂತೆ ವರ್ಷದ ಅಂಗಿ ತರಲು ಬಟ್ಟೆ ಅಂಗಡಿಗೆ ಹೋದ. ಗುಡ್ಡೆ ಹಾಕಿದ್ದ ರೆಡಿಮೇಡ್ ಅಂಗಿಗಳಲ್ಲಿ ಮೂರನ್ನು ತಾನೇ ಆರಿಸಿ ಎತ್ತಿಕೊಂಡ. ಅಲ್ಲಿದ್ದ ಸೇಲ್ಸ್‌ಮನ್ನು, "ಸಾರ್, ನೀವು ಯಾವಾಗಲೂ..." ಎಂದು ಬಾಯಿ ತೆರೆದ.

"ಬಣ್ಣದ ವಿಷಯ ನನಗೇ ಹೇಳಿಕೊಡ್ತೀಯೇನಪ್ಪಾ?" ಎಂದು ಬೂದಣ್ಣ ಅವನ ಬಾಯಿಗೆ ಬೀಗ ಹಾಕಿದ. ಪಾಪ, ಆ ಸೇಲ್ಸ್‌ಮನ್ನು ಸುಮ್ಮನೆ ಚೀಲಕ್ಕೆ ಹಾಕಿ ಕೊಟ್ಟ.

ಮರುದಿನ ಬೆಳಿಗ್ಗೆ ಅದರಲ್ಲೊಂದು ತೊಟ್ಟು ಅಡುಗೆಮನೆಗೆ ಬಂದಾಗ ಹೆಂಡತಿ ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಹಿಡಿದು ನಿಂತಳು. ಏನೋ ಹೇಳಹೋಗಿ ನಿಲ್ಲಿಸಿದಳು. ಆಮೇಲೆ ಹತ್ತಿರ ಬಂದು ಕಾಲರು ಸರಿಮಾಡಿ, "ತುಂಬಾ ಚೆನ್ನಾಗಿ ಕಾಣ್ತೀರಿ," ಎಂದಳು. ಬೂದಣ್ಣನಿಗೆ ಆಶ್ಚರ್ಯ. ಇಪ್ಪತ್ತೊಂಬತ್ತು ವರ್ಷಕ್ಕೆ ಇವಳಿಗೆ ಬೂದಿನ ಬೆಲೆ ತಿಳಿಯಿತಲ್ಲ ಎಂದು ಹಿಗ್ಗಿದ. ಅವತ್ತು ಅವಳು ಶಿಶುವಿಹಾರದ ತನಕ ಅವನ ಜೊತೆಗೇ ನಡೆದಳು, ದಾರಿಯಲ್ಲಿ ಸಿಕ್ಕ ಪರಿಚಯದವರನ್ನೆಲ್ಲ ನಿಲ್ಲಿಸಿ ಮಾತಾಡಿಸಿದಳು. ಅಂಗಡಿಗೆ ವಾರಕ್ಕೆರಡು ಸಲ ಬರುತ್ತಿದ್ದ ಟೈಲರಮ್ಮ, ಬಾಯಿ ಜೋರಿನ ಹೆಂಗಸು, "ಏನು ಬೂದಣ್ಣ, ಈಗ ಹರೆಯ ಬಂತಾ?" ಎಂದು ಕಣ್ಣು ಮಿಟುಕಿಸಿದಳು.

"ಹೋಗಲಿ ಬಿಡಮ್ಮ, ನನ್ನದು ಅದೇ ಹಳೇ ಬಣ್ಣ," ಎಂದ ಇವನು. ಒಳ್ಳೆಯ ಜೋಕೆಂದು ಅವಳು ಕೌಂಟರು ತಟ್ಟಿ ನಕ್ಕಳು.

ಆರು ತಿಂಗಳಾದ ಮೇಲೆ ಆ ಅಂಗಿಯ ಎರಡನೇ ಗುಂಡಿ ಕಿತ್ತು ಬಂತು. ಸಂಜೆ ಹೆಂಡತಿ, "ಇದಕ್ಕೆ ಹೊಂದೋ ದಾರ ತನ್ನಿ. ತುಂಡು ಕತ್ತರಿಸಿ ಕೊಡ್ಲಾ, ಅಂಗಿಯನ್ನೇ ತಗೊಂಡು ಹೋಗ್ತೀರಾ?" ಎಂದಳು.

"ನನ್ನ ಬೂದು ನನಗೆ ಗೊತ್ತಿಲ್ವೇನೇ? ಅದಕ್ಕೂ ತುಂಡು ಬೇಕಾ?"

ಮರುದಿನ ಪಾರಿವಾಳದ ಬೂದಿನ ರೀಲು ತಂದು ಅವಳ ಕೈಯಲ್ಲಿಟ್ಟ. ಅವಳು ರೀಲು ನೋಡಿದಳು, ಅವನನ್ನು ನೋಡಿದಳು, ಮತ್ತೆ ರೀಲು ನೋಡಿದಳು. "ಇದು ಸರಿಹೋಗುತ್ತಾ?" ಎಂದು ಮೆಲ್ಲಗೆ ಕೇಳಿದಳು. ಅವನಿಗೆ ಸಿಟ್ಟೇ ಬಂತು. ಹೊರಗಿನವರು ಯಾರೂ ಕೇಳದ ಪ್ರಶ್ನೆ ಮನೆಯಲ್ಲಿ! ಅವಳು ಇನ್ನೇನೂ ಹೇಳದೆ ಅಡುಗೆಮನೆಗೆ ಹೋದಳು, ತುಂಬಾ ಹೊತ್ತು ಹೊರಗೆ ಬರಲಿಲ್ಲ. ಆ ವಾರದಿಂದ ಹೊಸ ರಾಗ ಶುರುವಾಯಿತು: ಒಂದು ಸಲ ಕಣ್ಣು ತೋರಿಸಿಕೊಂಡು ಬರೋಣ. ಇವನದು ಹಳೇ ರಾಗ: ನನ್ನ ಕಣ್ಣಿಗೇನಾಗಿದೆ ಧಾಡಿ?

ಕಣ್ಣಿಗೆ ಏನೋ ಆಗಿದೆ ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೆಳಿಗ್ಗೆ ಹೊಸ್ತಿಲಿನಲ್ಲಿ ನಿಂತರೆ ಬೆಳಕು ಚಹಾ ಸೋಸಿದ ಬಟ್ಟೆಯಿಂದ ಬಂದಂತೆ ಕಾಣುತ್ತಿತ್ತು. ಬಿಳಿ ಯಾವುದು, ಕೆನೆ ಬಿಳಿ ಯಾವುದು ಎಂದು ನಿರ್ಧರಿಸಲು ಡ್ರಾಯರಿನ ಮೇಲಿನ ನಂಬರು, ತಾನೇ ಒಂದು ಕಾಲಕ್ಕೆ ಮೂಗು ಮುರಿದ ಆ ನಂಬರು, ನೋಡಬೇಕಾಗುತ್ತಿತ್ತು. ಯಾರಿಗೂ ಕಾಣದಂತೆ ಕಳ್ಳನ ಹಾಗೆ ನೋಡುತ್ತಿದ್ದ. ದಾರದ ಕೌಂಟರು ಬಿಟ್ಟರೆ ತಾನು ಯಾರು ಎಂಬ ಪ್ರಶ್ನೆಗೆ ಅವನ ಹತ್ತಿರ ಉತ್ತರವಿರಲಿಲ್ಲ. ಹಾಗಾಗಿ ಆ ಪ್ರಶ್ನೆ ಕೇಳಬಹುದಾದ ಯಾವ ಡಾಕ್ಟರ ಹತ್ತಿರಕ್ಕೂ ಹೋಗಲು ಅವನು ತಯಾರಿರಲಿಲ್ಲ.

ಕೊನೆಗೆ ಆಗಬೇಕಾದ್ದು ಆಯಿತು. ಟೈಲರಮ್ಮ ಬ್ಯಾಂಡಿನವರ ಹದಿನೆಂಟು ಕೋಟು ಹೊಲಿಯಲು ಒಪ್ಪಿಕೊಂಡಿದ್ದಳು. ಕಡುನೀಲಿ ಬಟ್ಟೆ, ಹೊರಮೈ ಮೇಲೇ ಬೀಳುವ ಹೊಲಿಗೆ, ದಾರ ಬಟ್ಟೆಗೆ ಹೊಂದಲೇಬೇಕು. ಬೂದಣ್ಣ ಹೊಸ್ತಿಲಿಗೆ ಹೋಗಿ, ಎಳೆ ಹಾಸಿ, ಕಣ್ಮರೆಯಾದದ್ದನ್ನು ನೋಡಿ ರೀಲು ಕೊಟ್ಟ. ಅವಳು ಎಂದಿನಂತೆ ಅವನನ್ನು ನಂಬಿ, ಮರುಮಾತಿಲ್ಲದೆ ಒಯ್ದು ರಾತ್ರಿಯ ದೀಪದಲ್ಲೇ ಹೊಲಿದಳು. ಹದಿನೆಂಟೂ ಮುಗಿಸಿ ಬಿಸಿಲಿಗೆ ತೂಗುಹಾಕಿದಾಗ ಕಡುನೀಲಿ ಕೋಟುಗಳ ಮೇಲೆ ಕಪ್ಪು ಗೆರೆಗಳು.

ಅವಳು ಬಂದು ಕೂಗಾಡಿದ್ದರೆ ಬೂದಣ್ಣ ತಡೆದುಕೊಳ್ಳುತ್ತಿದ್ದ. ಅವಳು ಕೂಗಾಡಲಿಲ್ಲ. ಕೋಟನ್ನು ಕೌಂಟರಿನ ಮೇಲೆ ಹಾಸಿ, ಅಂಥ ಬಾಯಿಜೋರಿನವಳು, ತಗ್ಗಿದ ದನಿಯಲ್ಲಿ, "ಬೂದಣ್ಣ, ಇದು ಯಾವ ಬಣ್ಣ ಹೇಳಿ," ಎಂದಳು. ಅವನು ಬಗ್ಗಿ ನೋಡಿದ. ಬಟ್ಟೆಯೂ ಅದೇ, ದಾರವೂ ಅದೇ. ಎರಡರ ನಡುವೆ ಕೂದಲಷ್ಟೂ ವ್ಯತ್ಯಾಸ ಅವನಿಗೆ ಕಾಣಲಿಲ್ಲ.

ಅಂಗಡಿಯ ಯಜಮಾನರು ಒಳ್ಳೆಯವರೇ. ಹೊಸ ದಾರವನ್ನು ಅಂಗಡಿಯಿಂದಲೇ ಕೊಟ್ಟರು, ಬಿಚ್ಚಿ ಹೊಲಿಯಲು ಇಬ್ಬರನ್ನು ಟೈಲರಮ್ಮನ ಜೊತೆ ಕಳಿಸಿದರು. ಆಮೇಲೆ ಬೂದಣ್ಣನ ಕಡೆ ನೋಡದೆ, "ನಾಳೆಯಿಂದ ಗುಂಡಿ ಕಡೆ ಕೂತ್ಕೊಳ್ಳಿ. ಕಣ್ಣು ತೋರಿಸ್ಕೊಳ್ಳಿ. ಆಮೇಲೆ ನೋಡೋಣ," ಎಂದರು.

ಗುಂಡಿ ಕಡೆ! ಗುಂಡಿಯನ್ನು ಗಿರಾಕಿಗಳೇ ಆರಿಸಿಕೊಳ್ಳುತ್ತಾರೆ. ಅಲ್ಲಿ ಕೂತವನ ಕೆಲಸ ಎಣಿಸಿ ಪೊಟ್ಟಣ ಕಟ್ಟುವುದು. ಮನೆಗೆ ಬಂದು ಬೂದಣ್ಣ ಊಟ ಬೇಡವೆಂದ. ಹೆಂಡತಿ ಏನಾಯಿತೆಂದು ಕೇಳಲಿಲ್ಲ. "ನನ್ನ ಕಣ್ಣು ಒಂದು ವಾರದಿಂದ ಉರಿತಾ ಇದೆ, ನಾಳೆ ಡಾಕ್ಟರ ಹತ್ತಿರ ಒಬ್ಬಳೇ ಹೋಗೋಕೆ ಬೇಜಾರು. ಜೊತೆಗೆ ಬರ್ತೀರಾ?" ಎಂದಳು.

ಅವಳ ಕಣ್ಣಿಗೇನೂ ಆಗಿರಲಿಲ್ಲ, ಹದ್ದಿನ ಕಣ್ಣು ಅವಳದು. ಡಾಕ್ಟರಮ್ಮನ ಕೋಣೆಯಲ್ಲಿ ಅವಳು ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನ ತನಕ ಪಟಪಟನೆ ಓದಿ ಎದ್ದು ನಿಂತು, "ಈಗ ಇವರದ್ದು ನೋಡಿ ಡಾಕ್ಟ್ರೇ," ಎಂದು ಗಂಡನನ್ನು ಕುರ್ಚಿಗೆ ದಬ್ಬಿದಳು. ಅವನು ಬಾಯಿ ಬಿಡುವಷ್ಟರಲ್ಲಿ ಗದ್ದ ಯಂತ್ರದ ಮೇಲಿತ್ತು.

ಡಾಕ್ಟರಮ್ಮ ನೋಡಿದರು, ಮತ್ತೆ ನೋಡಿದರು. ಬೂದಣ್ಣ ಕೈಗಳನ್ನು ತೊಡೆಯ ಮೇಲೆ ಬಿಗಿಹಿಡಿದು ಕೂತಿದ್ದ. ಎಲ್ಲ ಮುಗಿಯಿತು ಎಂದೇ ಅಂದುಕೊಂಡಿದ್ದ.

"ಪೊರೆ," ಎಂದರು ಡಾಕ್ಟರಮ್ಮ. "ಎರಡೂ ಕಣ್ಣಿಗೆ. ಚೆನ್ನಾಗಿ ಬಲಿತಿದೆ, ಕಂದು ಬಣ್ಣಕ್ಕೆ ತಿರುಗಿದೆ. ಇಷ್ಟು ದಿನ ಏನ್ಮಾಡ್ತಾ ಇದ್ರಿ?"

"ಅಂದರೆ... ಬಣ್ಣ..."

"ತೆಗೆದು ಲೆನ್ಸು ಹಾಕಿದ್ರೆ ಬಣ್ಣಗಳು ವಾಪಸ್ ಬರುತ್ತವೆ. ಮೊದಲು ಬಲಗಣ್ಣು ಮಾಡೋಣ, ಒಂದೂವರೆ ತಿಂಗಳು ಬಿಟ್ಟು ಎಡಗಣ್ಣು."

ಅಷ್ಟೇನಾ? ಬೂದಣ್ಣ ಹೆಂಡತಿಯ ಮುಖ ನೋಡಿದ. ವರ್ಷಗಟ್ಟಲೆ ಎದೆಯ ಮೇಲೆ ಹೊತ್ತುಕೊಂಡಿದ್ದ ಬಂಡೆಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ಹೆಂಡತಿಯೂ ಪಕ್ಕದಲ್ಲಿ ಕೂತಳು. "ನಿನ್ನ ಕಣ್ಣು ಉರಿಯೋದು?" ಎಂದು ಕೇಳಿದ. "ನಿಂತುಹೋಯ್ತು," ಎಂದಳು.

ಆಪರೇಷನ್ನು ಅರ್ಧ ಗಂಟೆಯ ಕೆಲಸ. ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಡಾಕ್ಟರಮ್ಮನ ಕೋಟು ಎಷ್ಟು ಬೆಳ್ಳಗಿತ್ತೆಂದರೆ ಬೂದಣ್ಣ ಮುಖ ಹಿಂದಕ್ಕೆಳೆದುಕೊಂಡ. ಬಿಳಿಯೊಳಗೆ ಇಷ್ಟೊಂದು ನೀಲಿ ಇತ್ತೆಂದು ಮರೆತೇಹೋಗಿತ್ತು. ಮನೆಗೆ ಬರುವಾಗ ಕಪ್ಪು ಕನ್ನಡಕದ ಅಂಚಿನಿಂದ ಕದ್ದು ಕದ್ದು ನೋಡಿದ. ಅಂಗಡಿಗಳ ಬೋರ್ಡು, ಒಣಗಲು ಹಾಕಿದ ಬಟ್ಟೆ, ಪ್ಲಾಸ್ಟಿಕ್ ಬಕೆಟ್ಟು, ಒಂದೊಂದೂ ಹೆಸರು ಹಿಡಿದು ಕರೆಯುವಂತಿತ್ತು. "ಅದು ನವಿಲು ನೀಲಿ," ಎಂದ. "ಅದು ಹಳೇ ಇಟ್ಟಿಗೆ. ಅಲ್ಲ ಅಲ್ಲ, ನೆನೆದ ಇಟ್ಟಿಗೆ!" ಹೆಂಡತಿ ಹೂಂಗುಟ್ಟುತ್ತಾ ಅವನ ತೋಳು ಹಿಡಿದು ರಸ್ತೆ ದಾಟಿಸಿದಳು.

ಮನೆಗೆ ಬಂದು ಅಂಗಿ ಬದಲಾಯಿಸಲು ಬೀರು ತೆರೆದವನು ಹಾಗೇ ನಿಂತ.

"ಏನೇ, ಇಲ್ಲಿ ಬಾ! ಇಸ್ತ್ರಿಯವರು ಯಾರದೋ ಅಂಗಿ ಸೇರಿಸಿಬಿಟ್ಟಿದ್ದಾರೆ ನೋಡು!"

ಹೆಂಡತಿ ಬರಲಿಲ್ಲ. ಬೂದು ಅಂಗಿಗಳ ಸಾಲಿನ ಮುಂದೆ ಮೂರು ನೇರಳೆ ಅಂಗಿಗಳು ತೂಗಾಡುತ್ತಿದ್ದವು. ಕಡು ನೇರಳೆಯಲ್ಲ, ಬದನೆ ಹೂವಿನ ತಿಳಿ ನೇರಳೆ. ಯಾವ ಮಗನೋ ಧೈರ್ಯವಂತ ಎಂದುಕೊಂಡು ಒಂದನ್ನು ಎಳೆದು ನೋಡಿದರೆ ಜೇಬಿನ ಮೂಲೆಯಲ್ಲಿ ಅವನದೇ ಪೆನ್ನು ಸೋರಿದ ಕಲೆ. ತೋಳಿನಲ್ಲಿ ಅವನದೇ ಎರಡು ಸುತ್ತಿನ ಮಡಿಕೆಯ ಗುರುತು.

ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದ. ಪಾರಿವಾಳದ ಬೂದು. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದ. ಬದನೆ ಹೂವು. ಬೂದು, ಬದನೆ, ಬೂದು, ಬದನೆ. ಹುಚ್ಚು ಹಿಡಿದವನ ಹಾಗೆ ಕಣ್ಣು ಮಿಟುಕಿಸುತ್ತಾ ನಿಂತ. ಒಂದೂವರೆ ವರ್ಷ! ಒಂದೂವರೆ ವರ್ಷ ಈ ಅಂಗಿ ತೊಟ್ಟುಕೊಂಡು ಕೌಂಟರಿನ ಹಿಂದೆ ನಿಂತು, ಬಣ್ಣ ಹೊಂದಿಸೋನಿಗೆ ತನ್ನದೇ ಬಣ್ಣ ಇರಬಾರದು ಎಂದು ಕಂಡಕಂಡವರಿಗೆಲ್ಲ ಉಪದೇಶ ಮಾಡಿದ್ದಾನೆ. ಟೈಲರಮ್ಮ ಕೌಂಟರು ತಟ್ಟಿ ನಕ್ಕದ್ದು ನೆನಪಾಗಿ ಕಿವಿ ಬಿಸಿಯಾಯಿತು. ಸೇಲ್ಸ್‌ಮನ್ನಿನ ಅರ್ಧಕ್ಕೆ ನಿಂತ ಮಾತು ನೆನಪಾಯಿತು. ನಾಚಿಕೆಯಿಂದ ಬೀರುವಿನೊಳಗೇ ಹೊಕ್ಕುಬಿಡೋಣ ಅನ್ನಿಸಿತು.

ಆಗ ಅವನ ಕಣ್ಣು ಎರಡನೇ ಗುಂಡಿಯ ಮೇಲೆ ಬಿತ್ತು.

ಉಳಿದ ಗುಂಡಿಗಳೆಲ್ಲ ನೇರಳೆ ದಾರದಲ್ಲಿದ್ದವು. ಎರಡನೆಯದು ಮಾತ್ರ ಬೂದು ದಾರದಲ್ಲಿತ್ತು. ಪುಟ್ಟ ಪುಟ್ಟ ನಾಲ್ಕು ಹೊಲಿಗೆ, ಒತ್ತಾಗಿ, ನೀಟಾಗಿ. ಅವನೇ ತಂದುಕೊಟ್ಟ ದಾರ. ಅಡುಗೆಮನೆಯಲ್ಲಿ ಅವಳು ತುಂಬಾ ಹೊತ್ತು ನಿಂತ ಸಂಜೆ ನೆನಪಾಯಿತು. ಬೂದಣ್ಣ ಮಂಚದ ಮೇಲೆ ಕೂತ. ಅವಳಿಗೆ ಅವತ್ತೇ ಗೊತ್ತಾಗಿದೆ. ಒಂದು ವರ್ಷದಿಂದ ಗೊತ್ತಿದೆ.

ಹೆಂಡತಿ ಕಣ್ಣಿಗೆ ಬಿಡುವ ಔಷಧಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಮೇಲೆ ನೋಡಿ," ಎಂದು ಒಂದು ಹನಿ ಬಿಟ್ಟಳು. "ಉಜ್ಜಬೇಡಿ."

"ಯಾಕೆ ಹೇಳಲಿಲ್ಲ?"

ಅವಳು ಸೀಸೆಯ ಮುಚ್ಚಳ ತಿರುಗಿಸುತ್ತಾ ಪಕ್ಕದಲ್ಲಿ ಕೂತಳು. "ಮೊದಲ ಆರು ತಿಂಗಳು ಹೇಳೋಕೆ ಏನಿತ್ತು? ಅವತ್ತು ನೀವು ಅದನ್ನ ಹಾಕ್ಕೊಂಡು ಬಂದಾಗ ನಾನೇನು ಅಂದುಕೊಂಡೆ ಗೊತ್ತಾ? ಇಪ್ಪತ್ತೊಂಬತ್ತು ವರ್ಷ ಕೇಳಿದ್ದಕ್ಕೆ ಕೊನೆಗೂ ನನ್ನ ಮಾತು ಕೇಳಿಸಿತು ಅಂದುಕೊಂಡೆ. ಬಾಯಿಬಿಟ್ಟು ಹೇಳಿದ್ರೆ ನಿಮಗೆ ಸಂಕೋಚ ಆಗುತ್ತೆ, ತೆಗೆದಿಟ್ಟುಬಿಡ್ತೀರಿ ಅಂತ ಸುಮ್ಮನಿದ್ದೆ."

ಬೂದಣ್ಣ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡ.

"ಆಮೇಲೆ ನೀವು ಆ ದಾರ ತಂದ್ರಿ. ನನಗೆ ಹೆದರಿಕೆ ಆಯ್ತು ಕಣ್ರೀ. ಬಣ್ಣಕ್ಕಲ್ಲ, ನಿಮಗೇನಾಯ್ತೋ ಅಂತ. ನಿಮ್ಮ ಕಣ್ಣು ಹೋಗ್ತಿದೆ ಅಂತ ನಿಮಗೆ ನಾನೇ ಹೇಳೋದಾ? ಹೇಳಿದ್ರೆ ಮಾರನೇ ದಿನದಿಂದ ಅಂಗಡಿಗೇ ಹೋಗ್ತಿರಲಿಲ್ಲ ನೀವು. ಅದಕ್ಕೇ ಡಾಕ್ಟರು ಡಾಕ್ಟರು ಅಂತ ಜೀವ ತಿಂದೆ." ಸೀಸೆಯನ್ನು ಕೆಳಗಿಟ್ಟು, "ಇನ್ನೊಂದೂ ಇತ್ತು. ಸುಳ್ಳು ಯಾಕೆ ಹೇಳಲಿ, ಆ ಅಂಗೀಲಿ ನೀವು ಚೆನ್ನಾಗೇ ಕಾಣ್ತಿದ್ರಿ," ಎಂದಳು.

"ನಿನ್ನ ಡಬ್ಬೀಲಿ ನೇರಳೆ ದಾರ ಇರಲಿಲ್ವಾ?"

"ಇತ್ತು."

"ಮತ್ತೆ?"

"ನೀವು ತಂದದ್ದು ಇದು. ಬೇರೆ ದಾರ ಹಾಕಿದ್ರೂ ನಿಮಗೇನು ಗೊತ್ತಾಗ್ತಿರಲಿಲ್ಲ. ನನಗೆ ಗೊತ್ತಾಗ್ತಿತ್ತು."

ಬೂದಣ್ಣನ ಕಣ್ಣು ತುಂಬಿಬಂತು, ಔಷಧಿಯ ಹನಿಯೂ ಅದರ ಜೊತೆ ಕೆನ್ನೆಗಿಳಿಯಿತು. ಅವಳು ತನ್ನ ಬಟ್ಟೆಯ ತೋಳಿನಿಂದಲೇ ಒರೆಸಿ, "ದುಬಾರಿ ಔಷಧಿ ಹಾಳುಮಾಡಬೇಡಿ," ಎಂದು ಬೈದು ಇನ್ನೊಂದು ಹನಿ ಬಿಟ್ಟಳು.

ಹದಿನೈದು ದಿನ ಬಿಟ್ಟು ಬೂದಣ್ಣ ಅಂಗಡಿಗೆ ಹೋದ. ನಿಜವಾದ ಬೂದು ಅಂಗಿ, ಕತ್ತಿಯಂಥ ಕಾಲರು, ಕೈಯಲ್ಲೊಂದು ಚೀಲ. ಯಜಮಾನರು ಹೇಗಿದ್ದೀರಿ ಎಂದು ವಿಚಾರಿಸಿದರು, ಆದರೆ ಕೈ ಗುಂಡಿ ಕಡೆಗೇ ತೋರಿಸಿದರು. ಅವರನ್ನು ದೂರುವ ಹಾಗಿಲ್ಲ. ಹದಿನೆಂಟು ಕೋಟು ಯಾರಿಗೂ ಮರೆತಿರಲಿಲ್ಲ.

ಬೂದಣ್ಣ ಗುಂಡಿಯ ಸ್ಟೂಲಿನ ಮೇಲೆ ಕೂತು ಅರ್ಧ ದಿನ ಎಣಿಸಿದ. ಮಧ್ಯಾಹ್ನ ಟೈಲರಮ್ಮ ಬಂದಳು. ಅವನನ್ನು ನೋಡಿ ಒಂದು ಕ್ಷಣ ನಿಂತು, ಯಜಮಾನರ ಕಡೆ ತಿರುಗಿ, "ಏನ್ ಸ್ವಾಮಿ, ಆಪರೇಷನ್ ಮಾಡಿಸ್ಕೊಂಡು ಬಂದವರನ್ನ ಪೊಟ್ಟಣ ಕಟ್ಟೋಕೆ ಕೂರಿಸಿದ್ದೀರಾ?" ಎಂದಳು. ಚೀಲಕ್ಕೆ ಕೈ ಹಾಕಿ ಮೂರು ತುಂಡು ಬಟ್ಟೆ ತೆಗೆದು ಕೌಂಟರಿನ ಮೇಲೆ ಎಸೆದಳು. ಮೂರೂ ಕಪ್ಪೆಂದು ಯಾರು ಬೇಕಾದರೂ ಹೇಳುತ್ತಿದ್ದರು. "ಇವಕ್ಕೆ ದಾರ ಕೊಡಲಿ. ತಪ್ಪಿದ್ರೆ ಗುಂಡಿನೇ ಎಣಿಸಲಿ, ನಾನು ತುಟಿ ಬಿಚ್ಚಲ್ಲ."

ಅಂಗಡಿಯವರೆಲ್ಲ ಇತ್ತ ತಿರುಗಿದರು. ಬೂದಣ್ಣ ಸ್ಟೂಲಿನಿಂದ ಎದ್ದ. ತುಂಡುಗಳನ್ನು ಹಿಡಿದು ಹೊಸ್ತಿಲಿಗೆ ನಡೆದ, ಪೊರೆಯಿದ್ದ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ಮೊದಲನೆಯದು ಕಪ್ಪು. ಎರಡನೆಯದು ಕಡುನೀಲಿ, ಅದೇ ಬ್ಯಾಂಡಿನವರ ನೀಲಿ, ಆ ನೀಲಿಯನ್ನು ಅವನು ಈ ಜನ್ಮದಲ್ಲಿ ಮರೆಯುವ ಹಾಗಿರಲಿಲ್ಲ. ಮೂರನೆಯದನ್ನು ತಿರುಗಿಸಿ ತಿರುಗಿಸಿ ನೋಡಿದ. ಕಪ್ಪಲ್ಲ, ನೀಲಿಯಲ್ಲ. ಒಳಗೆಲ್ಲೋ ಹಸಿರಿದೆ. ಮುಖ ಅರಳಿತು. "ಬಾವಿಯೊಳಗಿನ ಪಾಚಿ!" ಎಂದು ಕೂಗಿ ಡ್ರಾಯರುಗಳ ಕಡೆ ಹೆಚ್ಚುಕಡಿಮೆ ಓಡಿದ. ನಂಬರು ನೋಡಲಿಲ್ಲ. ಮೂರು ರೀಲು ತಂದು ಒಂದೊಂದು ಎಳೆ ಬಿಚ್ಚಿ ಒಂದೊಂದು ತುಂಡಿನ ಮೇಲೆ ಹಾಸಿದ.

ಟೈಲರಮ್ಮ ತುಂಡುಗಳನ್ನು ಬಿಸಿಲಿಗೆ ಹಿಡಿದು, ಮೂಗಿನ ಹತ್ತಿರ ತಂದು, ಎಳೆ ಹುಡುಕಿದಳು. ಹುಡುಕಿಯೇ ಹುಡುಕಿದಳು. "ಹಾಳಾದ್ದು, ಎಲ್ಲಿ ಹಾಕಿದ್ರೋ ಕಾಣ್ತಾನೇ ಇಲ್ಲ," ಎಂದಳು. ಯಜಮಾನರು ಕನ್ನಡಕ ತೆಗೆದು ಒರೆಸುತ್ತಾ, "ಆಯ್ತು ಬಿಡಿ, ನಿಮ್ಮ ಜಾಗಕ್ಕೆ ನೀವು ಬನ್ನಿ," ಎಂದರು. ಬೂದಣ್ಣ ದಾರದ ಕೌಂಟರಿನ ಹಿಂದೆ ಹೋದ.

ತನ್ನ ಜಾಗದಲ್ಲಿ ನಿಂತು ಅವನು ಮಾಡಿದ ಮೊದಲ ಕೆಲಸ ಚೀಲದಿಂದ ನೇರಳೆ ಅಂಗಿ ತೆಗೆದದ್ದು. ಹೊಸ್ತಿಲಿಗೆ ಒಯ್ದು ಹಾಸಿದ. ಮೊದಲು ತಂದ ರೀಲು ಕೂದಲೆಳೆಯಷ್ಟು ಕಡು. ಎರಡನೆಯದರ ಎಳೆ ಹಾಸಿದ ಕೂಡಲೇ ಮಾಯವಾಯಿತು. ಟೈಲರಮ್ಮ ಹಿಂದಿನಿಂದ ಇಣುಕಿ, "ಮತ್ತೆ ಈ ಅಂಗಿ? ನಾನು ನಿಮಗೆ ಹರೆಯ ಕಳೆದುಹೋಯ್ತು ಅಂದುಕೊಂಡಿದ್ದೆ," ಎಂದಳು. ಈ ಸಲ ಅವನೂ ಅವಳ ಜೊತೆ ನಕ್ಕ.

ಸಂಜೆ ಬೆಳಕಿರುವಾಗಲೇ ಮನೆಗೆ ಬಂದು ಕಿಟಕಿಯ ಹತ್ತಿರ ಕೂತ. ಹೆಂಡತಿ, "ಕೊಡಿ, ನಾನು ಹಾಕ್ತೀನಿ," ಎಂದಳು. ಬೇಡವೆಂದು ತಲೆಯಾಡಿಸಿದ. ಬೂದು ದಾರವನ್ನು ಕತ್ತರಿಸಿ, ಆ ನಾಲ್ಕು ತುಣುಕುಗಳನ್ನು ಬಿಸಾಡಲು ಮನಸ್ಸಾಗದೆ ಅವಳ ಡಬ್ಬಿಯೊಳಗೆ ಹಾಕಿದ. ಸೂಜಿಗೆ ದಾರ ಪೋಣಿಸಲು ಮೊದಲ ಸಲಕ್ಕೇ ಆಯಿತು. ಗುಂಡಿ ಹೊಲಿದು, ಹಲ್ಲಿನಿಂದ ದಾರ ಕಡಿದು, ಅಂಗಿಯನ್ನು ಅವಳ ಕೈಗೆ ಕೊಟ್ಟ.

ಅವಳು ಬೆರಳಿನಿಂದ ಎರಡನೇ ಗುಂಡಿ ಸವರಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ದಾರ ಕಾಣ್ತಾನೇ ಇಲ್ಲ ಕಣ್ರೀ."

"ಕಾಣಬಾರದು, ಅದೇ ಅದರ ಕೆಲಸ."

ಅವಳು ಅಂಗಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಕೇಳಬೇಕೋ ಬೇಡವೋ ಎಂದು ಅನುಮಾನಿಸಿ ಕೊನೆಗೆ ಕೇಳಿದಳು. "ಇನ್ನು ಇದನ್ನ ಹಾಕಲ್ಲ ಅಲ್ವಾ? ಈಗ ಬಣ್ಣ ಗೊತ್ತಾಯ್ತಲ್ಲ ನಿಮಗೆ."

"ಕೌಂಟರಿಗೆ ಹಾಕಲ್ಲ. ಅಲ್ಲಿ ಬೂದೇ," ಎಂದ ಬೂದಣ್ಣ. ಆಮೇಲೆ ಎದ್ದು ಅವಳ ತೊಡೆಯ ಮೇಲಿಂದ ಅಂಗಿ ತೆಗೆದುಕೊಂಡು ತೊಟ್ಟ. ಕನ್ನಡಿಯ ಮುಂದೆ ನಿಂತು ಎಡಗಣ್ಣು ಮುಚ್ಚಿ, ಇರುವ ಒಂದು ಒಳ್ಳೆಯ ಕಣ್ಣಿನಿಂದ ತನ್ನನ್ನು ಮೇಲಿಂದ ಕೆಳಗೆ ನೋಡಿಕೊಂಡ. ಕಾಲರು ತೀಡಿದ, ತೋಳು ಎರಡು ಸುತ್ತು ಮಡಚಿದ, ಏನೋ ಯೋಚಿಸಿ ಮೂರನೆಯದನ್ನೂ ಮಡಚಿದ.

"ಹಾಲು ತರ್ತೀನಿ," ಎಂದು ಚಪ್ಪಲಿ ಮೆಟ್ಟಿದ.

"ಹಾಲು ಇದೆಯಲ್ರೀ, ಬೆಳಿಗ್ಗೆ ತಂದದ್ದು ಅರ್ಧ ಹಾಗೇ ಇದೆ."

"ಇರಲಿ," ಎಂದ ಬೂದಣ್ಣ. "ಇನ್ನೂ ಬೆಳಕಿದೆ. ನೀನೂ ಬಾ."